ಕೆಲಸ ಬಿಡೋಕೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹತ್ತು ವರ್ಷ ಮನೆಗಳ ನಕ್ಷೆ ಬರೆದವಳು ಈಗ ತೋಟ ಮಾಡ್ತೀನಿ ಅಂತಿದ್ದೀಯಂತೆ. 'ಸ್ವಲ್ಪ ಬುದ್ಧಿ ಹೇಳಣ್ಣ' ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಹೇಳ್ತೀನಿ. ಆದರೆ ಅವನು ಅಂದುಕೊಂಡ ಬುದ್ಧಿಯಲ್ಲ.

ಇಂಗ್ಲೆಂಡಿನಲ್ಲಿ ಹೆರಾಲ್ಡ್ ಪೀಟೊ ಅಂತ ಒಬ್ಬ ವಾಸ್ತುಶಿಲ್ಪಿ ಇದ್ದರು, ನಿನ್ನ ಹಾಗೇ ಮನೆ ಬಿಟ್ಟು ತೋಟದ ನಕ್ಷೆಗೆ ಕೈ ಹಾಕಿದವರು. ಹುಟ್ಟಿದ್ದು 1854ರಲ್ಲಿ. ಅಪ್ಪ ದೊಡ್ಡ ರೈಲ್ವೆ ಕಂಟ್ರಾಕ್ಟರ್, 1866ರಲ್ಲಿ ದಿವಾಳಿಯಾದರು. ಮಗ 1876ರಲ್ಲಿ ಅರ್ನೆಸ್ಟ್ ಜಾರ್ಜ್ ಅನ್ನೋ ವಾಸ್ತುಶಿಲ್ಪಿಯ ಜೊತೆ ಪಾಲುದಾರರಾಗಿ ಲಂಡನ್ನಿನಲ್ಲಿ ಮನೆಗಳನ್ನು ಕಟ್ಟಿದರು. ಮುಂದೆ ಹೊಸದಿಲ್ಲಿ ಕಟ್ಟಿದ ಲುಟ್ಯೆನ್ಸ್, ಬೇಕರ್ ಇಬ್ಬರೂ ಹುಡುಗರಾಗಿದ್ದಾಗ ಪಳಗಿದ್ದು ಅದೇ ಆಫೀಸಿನಲ್ಲಿ. ಅಂಥ ಜಾಗವನ್ನು ಪೀಟೊ 1892ರಲ್ಲಿ ಬಿಟ್ಟು ಬಂದರು. ಆಗ ಅವರಿಗೆ ಮೂವತ್ತೆಂಟರ ಹತ್ತಿರ. ನಿನಗಿಂತ ದೊಡ್ಡವರೇ, ಅಲ್ವಾ?

1899ರಲ್ಲಿ ಅವರು ಕೊಂಡ ಐಫರ್ಡ್ ಮನೆಗೆ ನಿಮ್ಮಣ್ಣ ನನ್ನನ್ನು ಕರೆದುಕೊಂಡು ಹೋಗಿದ್ದ. ಮುಂದೆ ಫ್ರೋಮ್ ಹೊಳೆ, ಹಿಂದೆ ಕಡಿದಾದ ಗುಡ್ಡ. ಅಲ್ಲಿ ತೋಟ ಮಾಡೋದು ಹೇಗೆ ಅನ್ನಿಸುತ್ತೆ. ಪೀಟೊ ಗುಡ್ಡವನ್ನು ಸಮ ಮಾಡಲಿಲ್ಲ. ಮೆಟ್ಟಿಲು, ಅದರ ಮೇಲೊಂದು ಸಮತಟ್ಟು ಜಗಲಿ, ಮತ್ತೆ ಮೆಟ್ಟಿಲು, ಹೀಗೆ ಕಟ್ಟುತ್ತಾ ಮೇಲಕ್ಕೆ ಹೋದರು. ನಾನು ಏದುಸಿರು ಬಿಡುತ್ತಾ ಹತ್ತಿದೆ. ಮೇಲೆ ಉದ್ದನೆಯ ಜಗಲಿ, ಸಾಲು ಕಂಬ. ಇಟಲಿಯಿಂದ ತಂದ ಹಳೇ ಕಲ್ಲುಗಳು ಗಿಡಗಳ ನಡುವೆ ಅಲ್ಲೇ ಹುಟ್ಟಿದಂತೆ ಕೂತಿವೆ. ಬರೀ ಹೂವಿನಿಂದ ತೋಟ ಆಗಲ್ಲ, ಹಳೇ ಕಲ್ಲು ನಮ್ಮನ್ನು ಹಿಂದಿನ ಕಾಲಕ್ಕೆ ಕರೆದೊಯ್ಯುತ್ತೆ ಅನ್ನೋದು ಅವರ ನಂಬಿಕೆ. ಅಲ್ಲಿ ನಿಂತಾಗ ನನಗೂ ಹಾಗೇ ಅನ್ನಿಸಿತು.

ಅದಕ್ಕೇ ಹೇಳೋದು, ಕಲಿತದ್ದು ವ್ಯರ್ಥವಾಗಲ್ಲ. ಆ ಮೆಟ್ಟಿಲುಗಳ ಅಳತೆ ಗೊತ್ತಿದ್ದದ್ದು ಮನೆ ಕಟ್ಟಿದ ಕೈಗೇ. ಐರ್ಲೆಂಡಿನ ಗಾರ್ನಿಶ್ ಅನ್ನೋ ಬಂಡೆ ದ್ವೀಪಕ್ಕೆ ಮಣ್ಣನ್ನು ದೋಣಿಯಲ್ಲಿ ಸಾಗಿಸಿ, ಪೀಟೊ ಹಾಕಿಕೊಟ್ಟ ನಕ್ಷೆಯಂತೆ ತೋಟ ಎಬ್ಬಿಸಿದರು. ಅಲ್ಲಿ ಕಟ್ಟಬೇಕಿದ್ದ ದೊಡ್ಡ ಮನೆ ಮೇಲೇಳಲೇ ಇಲ್ಲ. ತೋಟ ಇವತ್ತಿಗೂ ಇದೆ.

ಒಂದು ಮಾತು ಮಾತ್ರ ಕೇಳು. ಗಿರಾಕಿಗಳಿಗಾಗಿ ಕಾಯಬೇಡ, ಮೊದಲು ನಿನ್ನದೇ ಒಂದು ತುಂಡು ಜಾಗ ಹಿಡಿ. ಪೀಟೊ 1933ರಲ್ಲಿ ತೀರಿಕೊಳ್ಳುವ ತನಕ ಐಫರ್ಡಿನಲ್ಲೇ ಇದ್ದರು. ಆಫೀಸಿನಲ್ಲಿ ಯಾರ ಜೊತೆಗೂ ಸಂಬಂಧ ಕೆಡಿಸಿಕೊಳ್ಳದೆ ಬಾ. ಆರು ತಿಂಗಳ ಖರ್ಚು ಕೈಲಿರಲಿ.

ಊರಮನೆಯ ಹಿತ್ತಲಿನ ಇಳಿಜಾರು ಸುಮ್ನೆ ಬಿದ್ದಿದೆ. ಒಡೆದ ಒರಳು, ಹಳೇ ಕಲ್ಲುಕಂಬ ಎಲ್ಲಾ ಅಲ್ಲೇ ಇವೆ, ಯಾರಿಗೂ ಕೊಟ್ಟಿಲ್ಲ. ಜೋರು ಮಳೆ ಇರುವಾಗ ಬಾ. ನೀರು ಯಾವ ಕಡೆ ಹರಿಯುತ್ತೆ ಅಂತ ಇಬ್ಬರೂ ನಿಂತು ನೋಡೋಣ.

ನಿನ್ನ ದೊಡ್ಡಪ್ಪ