ಮೊಬೈಲ್ ಸೇವೆಗೆ ಜಿಲ್ಲೆಯ ಅಳತೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಟವರಿನ ಬ್ಯಾಟರಿ ಇಳಿದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕಕ್ಕೆ ತಾಗಿದ ಎಣ್ಮಕಜೆ, ಪೈವಳಿಕೆ, ವರ್ಕಾಡಿಯಂಥ ಗಡಿ ಪಂಚಾಯತುಗಳಲ್ಲಿ ಫೋನು ಇದ್ದೂ ಇಲ್ಲದ ಹಾಗೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಸೇವಾ ಗುಣಮಟ್ಟದ ನಿಯಮದಲ್ಲಿ ಇದಕ್ಕೊಂದು ಪರಿಹಾರವಿದೆ: ಸೇವೆ 24 ಗಂಟೆಗೂ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಫೋನಿನ ಮಾಸಿಕ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಆದರೆ ಸ್ಥಗಿತವನ್ನು ಅಳೆಯುವುದು ಜಿಲ್ಲಾ ಮಟ್ಟದಲ್ಲಿ. ಕಾಸರಗೋಡು, ಕಾಞಂಗಾಡ್ ಪೇಟೆಗಳಲ್ಲಿ ಫೋನು ನಡೆಯುತ್ತಿದ್ದರೆ ಎಣ್ಮಕಜೆಯ ಪೆರ್ಲದ ಒಂದು ಟವರ್ ಮೂರು ದಿನ ಮಲಗಿದರೂ ಅದು ಲೆಕ್ಕಕ್ಕಿಲ್ಲ. ಹಣ ಕಟ್ಟಿದವರಿಗೆ ಇದು ಅನ್ಯಾಯ.

ಗಡಿಯವರಿಗೆ ಇನ್ನೊಂದು ತೊಡಕೂ ಇದೆ. ಮೊಬೈಲ್ ಕಂಪೆನಿಗಳ ಪರವಾನಗಿ ವಲಯ ಕೇರಳಕ್ಕೆ ಬೇರೆ, ಕರ್ನಾಟಕಕ್ಕೆ ಬೇರೆ. ಮನೆಯೊಳಗೆ ಕೂತಿದ್ದರೂ ಫೋನು ಆಚೆ ಬದಿಯ ಟವರನ್ನು ಹಿಡಿದು ರೋಮಿಂಗ್‌ಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಸಿಗ್ನಲ್ ಕಡ್ಡಿ ಪೂರ್ತಿ ಕಂಡರೂ ನೆಟ್ ಬರುವುದಿಲ್ಲ. ಅದನ್ನು ಆನ್ ಮಾಡಿಡಿ. ನೆಟ್‌ವರ್ಕನ್ನು ಕೈಯಾರೆ ಆರಿಸಿಕೊಳ್ಳಲೂಬಹುದು, ಆದರೆ ಆರಿಸಿದ್ದು ಕೆಟ್ಟಾಗ ಫೋನು ಬೇರೆಯದನ್ನು ಹುಡುಕದೆ ‘ಸೇವೆ ಇಲ್ಲ’ ಎಂದೇ ನಿಲ್ಲುತ್ತದೆ. ಆಗ ‘ಆಟೋಮ್ಯಾಟಿಕ್’ಗೆ ಮರಳಿಸಬೇಕು. ತುರ್ತಿಗೆ 112 ಒತ್ತಿದಾಗ ಕರೆ ಆಚೆ ರಾಜ್ಯದ ಕೇಂದ್ರಕ್ಕೆ ಹೋಗುವ ಸಂಭವವಿದೆ. ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು ಹೇಳಿಬಿಡಿ.

ಸೇವೆ ನಿಂತಾಗ ದೂರು ಕೊಡದೆ ಬಿಡಬೇಡಿ. ಬಿಟ್ಟರೆ ಕಂಪೆನಿಯ ಕಡತದಲ್ಲಿ ನಮ್ಮೂರಿಗೆ ತೊಂದರೆಯೇ ಇಲ್ಲವೆಂದಾಗುತ್ತದೆ. ಕಂಪೆನಿಯ ದೂರು ಸಂಖ್ಯೆ 198ಕ್ಕೆ ಕರೆ ಉಚಿತ. ಸ್ಥಳ, ಸೇವೆ ನಿಂತ ಹೊತ್ತು, ಅಕ್ಕಪಕ್ಕದ ಮನೆಗಳಲ್ಲೂ ಹೀಗೆಯೇ ಇದೆಯೇ ಎಂಬುದನ್ನು ತಿಳಿಸಿ, ದೂರಿಗೆ ಅವರು ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಆ ನಂಬರ್ ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಉತ್ತರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ನೇರವಾಗಿ ಬರೆದು ಕಾಯುವವರಿದ್ದಾರೆ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ, ಕಂಪೆನಿಗೆ ದಾಟಿಸುತ್ತದೆ ಅಷ್ಟೆ.

ಯಾವ ಟವರ್ ಎಷ್ಟು ಹೊತ್ತು ನಿಂತಿತೆಂಬ ಲೆಕ್ಕ ಕಂಪೆನಿಗಳಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಸ್ಥಗಿತದ ಅಳತೆಯನ್ನು ಜಿಲ್ಲೆಯಿಂದ ಪಂಚಾಯತಿಗೆ ಇಳಿಸುವುದು ಕಷ್ಟದ ಕೆಲಸವಲ್ಲ. ಟ್ರಾಯ್ ನಿಯಮವನ್ನು ತಿದ್ದಲಿ. ಅಲ್ಲಿಯವರೆಗೆ ನಮ್ಮ ಪಂಚಾಯತುಗಳು ಗ್ರಾಹಕರ ಡಾಕೆಟ್ ನಂಬರುಗಳನ್ನು ಒಟ್ಟುಮಾಡಿ ಸಂಸದರ ಮೂಲಕ ದೂರಸಂಪರ್ಕ ಇಲಾಖೆಗೆ ತಲಪಿಸಲಿ.

– ಮೊಬೈಲ್ ಗ್ರಾಹಕರು, ಮಂಜೇಶ್ವರ ತಾಲೂಕು