ಅರ್ಧ ಕ್ಷಣ ತಡವಾಗಿ ನಗುವವರು

ಲೇ ದೋಸ್ತ,

ನಮ್ಮೂರಿನ ರೈಲ್ವೆ ಗೇಟ್ ಬಿತ್ತು!

ಹೌದು, ಊರಿಗೆ ಬಂದಿದ್ದೇನೆ. ಹೇಳದೆ ಬಂದೆ ಅಂತ ಬೈಯಬೇಡ. ನೀನು ಪುಣೆಯಲ್ಲಿ ಕೂತು ಬೈದರೆ ನನಗೆ ಇಲ್ಲಿ ಬಿಕ್ಕಳಿಕೆ ಹತ್ತುತ್ತದೆ.

ಮೊದಲು ಖುಷಿಯ ಸುದ್ದಿ. ನಮ್ಮ ದಾವಣಗೆರೆಯಲ್ಲಿ ಮೊದಲ ಸಲ ಕಾಮಿಡಿ ಶೋ ಮಾಡಿದೆ. ನಿಟ್ಟುವಳ್ಳಿ ಕಡೆ ಒಂದು ಗಣಪತಿ ಪೆಂಡಾಲು, ಐದನೇ ದಿನ. ಮೊದಲು ಮಕ್ಕಳ ಡ್ಯಾನ್ಸು, ಆಮೇಲೆ ಆರ್ಕೆಸ್ಟ್ರಾ, ಕೊನೆಗೆ ನಾನು. 10 ಗಂಟೆಗೆ ಮೈಕ್ ಬಂದ್ ಆಗಲೇಬೇಕು. ನನ್ನ ಕೈಗೆ ಮೈಕ್ ಬಂದಾಗ ಒಂಬತ್ತೂ ಕಾಲು. ಫ್ಲೆಕ್ಸಿನಲ್ಲಿ ‘ಹಾಸ್ಯ ಸಂಜೆ’ ಎಂದು ಬರೆಸಿದ್ದರು. ನನಗೆ ಆ ಹೆಸರೇ ಇಷ್ಟವಾಯಿತು.

ಬೆಂಗಳೂರಿನಲ್ಲಿ ನಾನು ಜಾಸ್ತಿ ಶೋ ಮಾಡುವ ಜಾಗದಲ್ಲಿ 80 ಕುರ್ಚಿ ಇವೆ. ಸೂರು ತಗ್ಗು. ಬೆಳಕೆಲ್ಲ ನನ್ನ ಮೇಲೆ, ಜನ ಕತ್ತಲಲ್ಲಿ. ಒಬ್ಬ ನಕ್ಕರೆ ಆ ನಗು ಗೋಡೆಗೆ ಬಡಿದು ಪಕ್ಕದವನಿಗೂ ತಾಗುತ್ತದೆ. ಪೆಂಡಾಲಿನಲ್ಲಿ ಹಾಗಲ್ಲ. ಬಯಲು, ನಗು ಮೇಲಕ್ಕೆ ಹೋಗಿಬಿಡುತ್ತದೆ. ಜನರ ಮೇಲೂ ಟ್ಯೂಬ್‌ಲೈಟು. ಸೊಸೆ ನಗುವ ಮೊದಲು ಅತ್ತೆಯ ಕಡೆ ಒಮ್ಮೆ ನೋಡುತ್ತಾಳೆ. ಮಕ್ಕಳು ವೇದಿಕೆ ಮುಂದೆಯೇ ಓಡಾಡುತ್ತವೆ. ಇದೆಲ್ಲ ಗೊತ್ತಿದ್ದೇ ಹತ್ತಿದೆ.

ಮೈಕ್ ಹಿಡಿದು ನನ್ನ ಮಾಮೂಲಿ ಶುರು ಹೇಳಿದೆ. “ಊಟ ಆತಾ? ಏನ್ ಐತಿ ಇವತ್ತು?” ಬೆಂಗಳೂರಿನಲ್ಲಿ ಆ ‘ಐತಿ’ಗೇ ಅರ್ಧ ಹಾಲ್ ನಗುತ್ತದೆ. ಇಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು, “ಆತಪ್ಪ, ನಿಂದು ಆತಾ?” ಎಂದು ಕೇಳಿದರು. ನಿಜವಾಗಿ ಕೇಳಿದರು ಕಣೋ. ನಾನು ಹಸಿದಿದ್ದೇನಾ ಅಂತ ಮುಖ ನೋಡಿದರು.

ಅಲ್ಲೇ ನನ್ನ ಕಾಲ ಕೆಳಗೆ ಏನೋ ಸರಿದಂತಾಯಿತು. ನನ್ನ ಮೊದಲ ಹತ್ತು ನಿಮಿಷದಲ್ಲಿ ನಗು ಬರುವ ಜಾಗಗಳೆಲ್ಲ ನಮ್ಮ ಮಾತಿನ ರಾಗ. ಅಮ್ಮ ಮಾತಾಡುವ ರೀತಿ, ನಮ್ಮ ಓಣಿಯ ಬೈಗುಳ. ಆ ರಾಗ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನು ತೆಗೆದಿಟ್ಟರೆ ಒಳಗೆ ಜೋಕೇ ಇರಲಿಲ್ಲ.

ಜನ ಕೈಬಿಡಲಿಲ್ಲ, ಕೂತೇ ಇದ್ದರು. ನನಗೆ ಮಾತ್ರ ಭಯವಾಯಿತು. ಕೊನೆಗೆ ಅಂತ ಇಟ್ಟುಕೊಂಡಿದ್ದ ಗಟ್ಟಿ ಬಿಟ್ ಅನ್ನು, ಅಂದರೆ ಹಾಸ್ಯದ ತುಣುಕನ್ನು, ಆಗಲೇ ತೆಗೆದೆ. ಅದು ಯಾರ ಮೇಲಿನದು ಅಂತ ನಿನಗೆ ಗೊತ್ತು. ಅದರ ವಿಡಿಯೋ ಬಂದಾಗ ನೀನು ನಗುವ ಎಮೋಜಿ ಕಳಿಸಿದ್ದೆ. ಒಂದೇ ಒಂದು. ಯಾವಾಗಲೂ ಐದು ಕಳಿಸುವವನು ನೀನು. ಅವತ್ತೇ ನಾನು ಕೇಳಬೇಕಿತ್ತು.

ದುಗ್ಗಮ್ಮನ ಜಾತ್ರೆ ನೆನಪಿದೆ ಅಲ್ವಾ? ಎರಡು ವರ್ಷಕ್ಕೊಮ್ಮೆ ಜಾತ್ರೆ, ಜಾತ್ರೆಗೆ ನಾಟಕ ಕಂಪನಿಯ ಟೆಂಟು. ನಿಮ್ಮ ಅಪ್ಪಾಜಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು, ಕೈಯಲ್ಲಿ ನರ್ಗೀಸ್ ಮಂಡಕ್ಕಿಯ ಪೊಟ್ಟಣ. ರಂಗನಟಿ ಚಿಂದೋಡಿ ಲೀಲಾ ಎಂದರೆ ಅವರಿಗೆ ಪ್ರಾಣ. ಆಕೆಯ ಕೆ.ಬಿ.ಆರ್. ನಾಟಕ ಕಂಪನಿ ನಮ್ಮೂರಿನದು ಎಂದು ಹೆಮ್ಮೆ. 1988ರಲ್ಲಿ ಲೀಲಾ ಅವರಿಗೆ ಪದ್ಮಶ್ರೀ ಬಂದದ್ದನ್ನು ತಮ್ಮ ಮನೆಯ ಹುಡುಗಿಗೆ ಬಂದ ಹಾಗೆ ಹೇಳುತ್ತಿದ್ದರು. ನನಗೋ ಹಾಸ್ಯದವರ ಮೇಲೇ ಕಣ್ಣು. ಹಿಂದೆ ಸೀನ್ ಬದಲಾಯಿಸುವಷ್ಟು ಹೊತ್ತು ಮುಂದೊಂದು ಪರದೆ ಇಳಿಸಿ, ಅದರ ಮುಂದೆ ಅವರನ್ನು ಬಿಡುತ್ತಿದ್ದರು. ಇದ್ದ ಒಂದಿಷ್ಟು ಜಾಗದಲ್ಲಿ ಇಡೀ ಟೆಂಟನ್ನು ಅಲುಗಾಡಿಸುತ್ತಿದ್ದರು. ನಾನು ಈ ಕೆಲಸಕ್ಕೆ ಬಂದದ್ದೇ ಅವರನ್ನು ನೋಡಿ.

ಅಪ್ಪಾಜಿ ಎಲ್ಲರಿಗಿಂತ ಅರ್ಧ ಕ್ಷಣ ತಡವಾಗಿ ನಗುತ್ತಿದ್ದರು. ಮೊದಲು ನಮ್ಮ ಮುಖ ನೋಡುವರು, ನಾವು ನಗುತ್ತಿದ್ದೇವೆ ಎಂದು ಗೊತ್ತಾದ ಮೇಲೆ ತಾವು ನಗುವರು. ಮನೆಯ ಗುಟ್ಟನ್ನು ಕಿವಿಯಲ್ಲಿ ಹೇಳಲು ಹೋಗಿ ಮೂರು ಮನೆಗೆ ಕೇಳಿಸುವರು. ನನ್ನ ಬಿಟ್ ಅಷ್ಟೇ. ತಡವಾದ ನಗು, ದೊಡ್ಡ ದನಿಯ ಗುಟ್ಟು. ಎಲ್ಲಿ ಮಾಡಿದರೂ ಚಪ್ಪಾಳೆ ಬರುತ್ತದೆ.

ಪೆಂಡಾಲಿನಲ್ಲೂ ಬಂತು. ಹುಡುಗರು ಸೀಟಿ ಹೊಡೆದರು. ಆಗ ಎರಡನೇ ಸಾಲಿನ ಅಜ್ಜ ಕಂಡರು. ಬಿಳಿ ಪಂಚೆ, ತೊಡೆಯ ಮೇಲೆ ಮೊಮ್ಮಗ. ಮೊಮ್ಮಗ ನಕ್ಕ. ಅಜ್ಜ ಅವನ ಮುಖ ನೋಡಿದರು. ಆಮೇಲೆ ನಕ್ಕರು.

ಲೇ, ನನ್ನ ಮುಂದಿನ ಸಾಲು ಮರೆತೇ ಹೋಯಿತು. ಏನೋ ಹೇಳಿ, ಗಣಪತಿಗೆ ಜೈ ಅಂದು ಇಳಿದುಬಿಟ್ಟೆ.

ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದೆ. ಅಜ್ಜ ಹುಡುಕಿಕೊಂಡು ಬಂದರು. ಇಡೀ ಪೆಂಡಾಲಿಗೆ ಕೇಳುವ ಹಾಗೆ, “ಆ ಮನುಷ್ಯ ಯಾವ ಮಿಲ್ಲಿನಾಗಿದ್ರು?” ಅಂದರು. ಹೇಳಿದೆ. ಅವರ ಮುಖ ಅರಳಿತು. “ಲೂಮ್ ಷೆಡ್ಡಾ?” ಹೌದು ಅಂದೆ. ನನ್ನ ಭುಜ ಹಿಡಿದುಕೊಂಡು ಹೇಳಿದರು: “ಅಲ್ಲಿ ಮಾತು ಕೇಳಲ್ಲಪ್ಪ. ಮುಖ ನೋಡಬೇಕು. ಎಂಟು ತಾಸು ಮುಖ ನೋಡೇ ಮಾತಾಡ್ತಿದ್ವಿ. ಹೊರಗ್ ಬಂದ ಮೇಲೂ ಅದೇ ಚಾಳಿ.”

ಲೂಮ್ ಷೆಡ್ಡಿನ ಮಗ್ಗಗಳ ಸದ್ದಿಗೆ ಕಿವಿ ಹೋಗುತ್ತದೆ. ಬಟ್ಟೆ ಮಿಲ್ಲುಗಳ ಊರಿನಲ್ಲಿ ಹುಟ್ಟಿದ ನನಗೆ ಇದು ಹೊಸ ವಿಷಯವೇನಲ್ಲ. ಆದರೆ ಅಪ್ಪಾಜಿಯ ನಗುವಿಗೂ ಅದಕ್ಕೂ ನಂಟು ಇದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಮಿಲ್ಲು ಮುಚ್ಚಿತು, ಅವರು ಮಂಡಕ್ಕಿ ಭಟ್ಟಿಗೆ ಹೋದರು. ಕಿವಿ ಮಾತ್ರ ಷೆಡ್ಡಿನಲ್ಲೇ ಉಳಿಯಿತು. ಅದನ್ನು ನಾನು ಟಿಕೆಟ್ ಇಟ್ಟು ಮಾರಿದ್ದೇನೆ. ನಿನ್ನನ್ನು ಕೇಳದೆ.

ಇನ್ನೂ ಒಂದಿದೆ. ಅಪ್ಪಾಜಿ ಹೋದ ರಾತ್ರಿ ನೀನು ಫೋನ್ ಮಾಡಿದ್ದೆ. ನಾನು ಬಸ್ ಸಿಗಲಿಲ್ಲ ಅಂದೆ. ಸುಳ್ಳು. ಬೆಂಗಳೂರಿನಿಂದ ಊರಿಗೆ 260 ಕಿಲೋಮೀಟರು, ರಾತ್ರಿಯಿಡೀ ಬಸ್ಸು ಇರುತ್ತವೆ. ನನಗೆ ಮರುದಿನ ಎರಡು ಶೋ ಇದ್ದವು, ಟಿಕೆಟ್ ಪೂರ್ತಿ ಖಾಲಿ. ಅದಕ್ಕೇ ಮಣ್ಣಿಗೆ ಬರಲಿಲ್ಲ. ಎರಡು ಶೋದಲ್ಲೂ ಕೊನೆಗೆ ಅಪ್ಪಾಜಿಯ ಬಿಟ್ ಮಾಡಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಪೆಂಡಾಲಿನ ಕಥೆ ಹೇಳಿ ಮುಗಿಸೋಣ ಅಂತಿದ್ದೆ. ಫೋನಿನಲ್ಲಿ ಹೇಳಬಹುದಿತ್ತು, ನಿಜ. ಆದರೆ ನನ್ನ ಬಿಟ್‌ನಲ್ಲಿ ಅಪ್ಪಾಜಿಯನ್ನು ನೋಡಿ ನಕ್ಕವರೆಲ್ಲ ಇದನ್ನು ಓದುತ್ತಾರೆ. ಅವರಿಗೂ ಗೊತ್ತಾಗಲಿ. ಆ ಬಿಟ್ ಇನ್ನು ಮಾಡುವುದಿಲ್ಲ. ನೀನು ಮಾಡು ಅಂದರೆ ಆ ಷೆಡ್ಡಿನಿಂದ ಶುರು ಮಾಡಿ ಮತ್ತೆ ಬರೆಯುತ್ತೇನೆ. ನಿನಗೆ ಮೊದಲು ಓದಿ ಹೇಳುತ್ತೇನೆ.

ಸರಿ, ಸಾಕು. ಬೆಳಿಗ್ಗೆ ಬೆಣ್ಣೆದೋಸೆಗೆ ಹೋಗಿದ್ದೆ. ಎರಡು ನನಗೆ, ಮೂರನೆಯದು ನಿನ್ನ ಲೆಕ್ಕ. ಬೆಣ್ಣೆ ಇನ್ನೂ ಹಾಗೇ ಮುದ್ದೆ ಮುದ್ದೆಯಾಗಿ ಇಡುತ್ತಾರೆ. ಪಲ್ಯ ಅದೇ ಬಿಳಿ ಪಲ್ಯ. ನಿನಗೆ ಎರಡು ಸೇರು ಮಂಡಕ್ಕಿ ಕಟ್ಟಿಸಿದ್ದೇನೆ. ನಮ್ಮಿಬ್ಬರ ಹಳೇ ಗುಟ್ಟು, ಆ ಹದಿನೇಳನೇ ಮೆಟ್ಟಿಲಿನ ವಿಷಯ ಮಾತ್ರ ಅಮ್ಮನಿಗೆ ಹೇಳಿಲ್ಲ, ಹೆದರಬೇಡ.

ಮತ್ತೆ, ಅಜ್ಜ ಹೋಗುವಾಗ ಇನ್ನೊಂದು ಕೇಳಿದರು. “ಯಾವ ಪಾಳಿ ಅವರು?” ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ನಿಮ್ಮ ಮನೆಗೆ ಬಂದರೆ ಅಪ್ಪಾಜಿ ಮಲಗಿರುತ್ತಿದ್ದರು, ನಿಮ್ಮಮ್ಮ ಬಾಯಿ ಮೇಲೆ ಬೆರಳಿಡುತ್ತಿದ್ದರು. ಹಾಗಾದರೆ ರಾತ್ರಿ ಪಾಳಿಯಾ? ಕೇಳಿ ಹೇಳು. ಗಣಪತಿ ಬಿಡುವ ತನಕ ಅಜ್ಜ ದಿನಾ ಸಂಜೆ ಅಲ್ಲೇ ಕೂತಿರುತ್ತಾರಂತೆ. ಇನ್ನು ನಾಲ್ಕು ದಿನ ಇದೆ.

ನಿನ್ನವ