ಆ ಅಪ್ಪುಗೆಯನ್ನು ತೆಗೆದುಬಿಡು

ಪ್ರೀತಿಯ ತಂಗಿ,

ಕೆನ್ಯಾ ಕುರಿತ ನಿನ್ನ ಕಥೆಯನ್ನು ಎರಡು ಸಲ ಓದಿದೆ. ಎಲ್ಡೊರೆಟ್ ಹತ್ತಿರದ ಕಿಯಾಂಬಾದಲ್ಲಿ, 2008ರ ಹೊಸ ವರ್ಷದ ದಿನ, ಜೀವ ಉಳಿಸಿಕೊಳ್ಳಲು ಚರ್ಚಿನೊಳಗೆ ಸೇರಿದ್ದ ಹೆಂಗಸರು ಮಕ್ಕಳು ಬೆಂದುಹೋಗುವ ಪುಟಗಳನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಎದ್ದು ಹೋಗಿ ಹೊರಗೆ ನಿಂತಿದ್ದೆ. ನೀನು ಬರೆಯಬಲ್ಲೆ. ಅದಕ್ಕೇ ಈ ಪತ್ರ.

ನನ್ನ ತಕರಾರು ಕೊನೆಯ ದೃಶ್ಯದ ಬಗ್ಗೆ. ಸತ್ತವರ ಕಡೆಯ ಕಿಕುಯು ಜನಾಂಗದ ಹೆಂಗಸು, ಬೆಂಕಿ ಇಟ್ಟವರ ಕಡೆಯ ಕಲೆಂಜಿನ್ ಜನಾಂಗದ ಹೆಂಗಸು ಸಮಾಧಿಗಳ ಪಕ್ಕ ತಬ್ಬಿಕೊಂಡು ಅಳುತ್ತಾರೆ. ಕಥೆ ಮುಗಿಯುತ್ತದೆ. ಆ ಅಪ್ಪುಗೆಯನ್ನು ತೆಗೆದುಬಿಡು.

ನಿನ್ನ ವಯಸ್ಸಿನಲ್ಲಿ ನಾನೂ ಒಂದು ಗಲಭೆಯ ಕಥೆಯನ್ನು ಹೀಗೇ ಮುಗಿಸಿದ್ದೆ. ಮಗನನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ಅದನ್ನು ಓದಿ, "ಅವರನ್ನು ಕ್ಷಮಿಸುವ ಮುಂಚೆ ನನ್ನನ್ನೊಂದು ಮಾತು ಕೇಳಬಹುದಿತ್ತು ಅಲ್ವಾ?" ಅಂದರು. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಮೊದಲು ನೆಲದ ವಿಷಯಕ್ಕೆ ಹೋಗು. ನಿನ್ನ ಕಥೆಯಲ್ಲಿ ದ್ವೇಷ ಒಂದೇ ರಾತ್ರಿಯಲ್ಲಿ ಹುಟ್ಟುತ್ತದೆ. 2007ರ ಡಿಸೆಂಬರ್ 27ರಂದು ಮತದಾನ. 30ರಂದು, ಆಗ ಅಧ್ಯಕ್ಷರಾಗಿದ್ದ ಕಿಕುಯು ಜನಾಂಗದ ಕಿಬಾಕಿ ಗೆದ್ದರು ಅಂತ ಘೋಷಣೆ, ಕತ್ತಲಾಗುವಷ್ಟರಲ್ಲಿ ಪ್ರಮಾಣವಚನವೂ ಆಯಿತು. ಎದುರಾಳಿಯಾಗಿದ್ದ ಲುವೋ ಜನಾಂಗದ ಒಡಿಂಗಾ ಕಡೆಯವರಿಗೆ, ಅವರಲ್ಲಿ ಕಲೆಂಜಿನ್ನರಿಗೂ, ಮೋಸವಾಯಿತು ಅನ್ನಿಸಿತು. ಕಿಡಿ ಬಿದ್ದದ್ದು ಅಲ್ಲಿ, ನಿಜ. ಆದರೆ ಕಿಯಾಂಬಾ ಇರುವ ರಿಫ್ಟ್ ಕಣಿವೆಯ ಒಳ್ಳೆಯ ಭೂಮಿಯನ್ನು ಬಿಳಿಯರು ಕಿತ್ತುಕೊಂಡದ್ದು ಎಷ್ಟೋ ಹಿಂದೆ. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅದರಲ್ಲಿ ಬಹಳಷ್ಟನ್ನು ಕಿಕುಯುಗಳು ದುಡ್ಡು ಕೊಟ್ಟು ಕೊಂಡರು. ಅದು ನಮ್ಮ ಹಿರಿಯರ ನೆಲ ಅಂತ ಕಲೆಂಜಿನ್ನರು ಹೇಳುತ್ತಲೇ ಬಂದರು. 1992ರ, 1997ರ ಚುನಾವಣೆಗಳ ಸುತ್ತಲೂ ಅಲ್ಲಿ ಮನೆಗಳು ಸುಟ್ಟಿದ್ದವು. ನಿನ್ನ ಇಬ್ಬರು ಹೆಂಗಸರಲ್ಲಿ ಒಬ್ಬಳ ಪೆಟ್ಟಿಗೆಯಲ್ಲಿ ಹಕ್ಕುಪತ್ರ ಇದೆ. ಇನ್ನೊಬ್ಬಳ ಹತ್ತಿರ ಅಜ್ಜ ತೋರಿಸಿದ ಗಡಿ ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಷ್ಟು ಕಷ್ಟದ ವಿಷಯವನ್ನು ಒಂದು ಅಪ್ಪುಗೆ ಮುಚ್ಚಿಹಾಕಬಾರದು ಕಣಮ್ಮಾ.

ಇನ್ನೊಂದು. ನಿನ್ನ ಕಥೆಯಲ್ಲಿ ಸಾಯುವವರೆಲ್ಲ ಒಂದೇ ಜನ, ಕೊಲ್ಲುವವರೆಲ್ಲ ಇನ್ನೊಂದು ಜನ. ಅದೇ ಜನವರಿ ಕೊನೆಯಲ್ಲಿ ನೈವಾಶಾ ಪಟ್ಟಣದಲ್ಲಿ ಸೇಡು ತೀರಿಸಿಕೊಳ್ಳಲು ಹೊರಟ ಕಿಕುಯು ಗುಂಪು ಒಂದು ಮನೆಗೆ ಬೆಂಕಿ ಇಟ್ಟಿತು. ಒಳಗಿದ್ದ 19 ಜನ ಸತ್ತರು. ಹೆಚ್ಚಿನವರು ಲುವೋಗಳು. ಈ ಹಿಂಸೆಯ ತನಿಖೆ ಮಾಡಿದ ವಾಕಿ ಆಯೋಗ ಲೆಕ್ಕ ಹಾಕಿದ 1,133 ಸಾವುಗಳಲ್ಲಿ 405 ಗುಂಡೇಟಿನಿಂದ ಆದವು, ಪೊಲೀಸರ ಕಡೆಗೂ ಆಯೋಗ ಬೆರಳು ತೋರಿಸಿತು. ಹಾಗಾದರೆ ಲುವೋಗಳ ಊರಾದ ಕಿಸುಮುವಿನಲ್ಲಿ ಪೊಲೀಸರ ಗುಂಡಿಗೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಯಾರ ಜೊತೆ ರಾಜಿಯಾಗಬೇಕು? ಅವಳ ಮಗನನ್ನು ಕೊಂದದ್ದು ಪಕ್ಕದ ಮನೆಯವನಲ್ಲ. ಅವಳನ್ನೂ ಕಥೆಯೊಳಗೆ ಕರೆದುಕೊಂಡು ಬಾ.

ಮಾತುಗಳ ಮೇಲೂ ಕಣ್ಣಿಡು. ರಿಫ್ಟ್ ಕಣಿವೆಯಲ್ಲಿ ಹೊರಗಿನಿಂದ ಬಂದವರನ್ನು 'ಮದೋವಾದೋವಾ' ಅನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಚುಕ್ಕೆಗಳು, ಕಲೆಗಳು ಅಂತ ಅರ್ಥ. ಮನುಷ್ಯರನ್ನು ಕಲೆ ಅಂತ ಕರೆದ ಮೇಲೆ ತೊಳೆದುಹಾಕು ಅನ್ನುವುದು ಸುಲಭವಾಗುತ್ತದೆ. ನಾವು ಮಾತಿನ ಕೆಲಸದವರು, ಇದು ನಮಗೆ ಸೇರಿದ ಪಾಪ. ನೀನು ಕೂಡ ಒಂದು ಕಡೆ 'ಆ ಕ್ರೂರ ಬುಡಕಟ್ಟು' ಅಂತ ಬರೆದಿದ್ದೀಯಾ. ದಯವಿಟ್ಟು ಹೊಡೆದುಹಾಕು.

ದೊಡ್ಡವರ ರಾಜಿಗೆ ಜಾಸ್ತಿ ಜಾಗ ಕೊಡಬೇಡ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು, 2008ರ ಫೆಬ್ರವರಿ 28ರಂದು ಒಪ್ಪಂದವಾಯಿತು, ಒಡಿಂಗಾ ಪ್ರಧಾನಿಯಾದರು. ಕೊಲೆ ನಿಂತಿತು. ಅದು ಸಣ್ಣ ಮಾತಲ್ಲ. ಆದರೆ ಮೇಲಿನವರು ಕೈ ಕುಲುಕಿದ್ದು ನಿನ್ನ ಹೆಂಗಸರ ಬೇಲಿಯವರೆಗೆ ತಲುಪಿತಾ? ಅದನ್ನು ಬರಿ.

ನಾನು ನಿನಗೆ ಕೊಡಬಲ್ಲ ಒಳ್ಳೆಯ ಸುಳಿವು ಇದು. ಆ ವರ್ಷ ಮೇ ತಿಂಗಳಲ್ಲಿ ಸರ್ಕಾರ 'ರುಡಿ ನ್ಯುಂಬಾನಿ' ಅಂತ ಶುರುಮಾಡಿತು. ಮನೆಗೆ ಮರಳಿ ಅಂತ ಅರ್ಥ. ಒಂದು ಕುಟುಂಬಕ್ಕೆ 10,000 ಶಿಲ್ಲಿಂಗ್ ಕೊಟ್ಟು, ಮನೆ ಬಿಟ್ಟು ಓಡಿಬಂದಿದ್ದವರನ್ನು ಶಿಬಿರಗಳಿಂದ ಕಳಿಸಿದರು. ಹಲವರು ಊರಿನ ಹತ್ತಿರದವರೆಗೆ ಬಂದರು, ಆದರೆ ಮನೆ ಇದ್ದ ಜಾಗದಲ್ಲಿ ಮಲಗಲು ಧೈರ್ಯ ಬರಲಿಲ್ಲ. ಹಗಲು ಹೊಲದಲ್ಲಿ ಕೆಲಸ, ರಾತ್ರಿ ಡೇರೆಯಲ್ಲಿ ನಿದ್ದೆ. ಬೆಳಗಿನಿಂದ ಸಂಜೆವರೆಗೆ ನಂಬಿಕೆ, ಕತ್ತಲಾದರೆ ಭಯ. ಇದನ್ನು ಓದಿದ ದಿನದಿಂದ ನನಗೆ ಮರೆಯಲು ಆಗಿಲ್ಲ.

ಆದ್ದರಿಂದ ಸಮಾಧಿ ಬಿಡು. ಇಬ್ಬರನ್ನೂ ಮೆಕ್ಕೆಜೋಳದ ಹೊಲದ ಬೇಲಿಯ ಎರಡು ಕಡೆ ನಿಲ್ಲಿಸು. ಬೆಂಕಿ ಇಟ್ಟವರು ಯಾರು ಅಂತ ಒಬ್ಬಳಿಗೆ ಗೊತ್ತು. ಅದು ಅವಳಿಗೆ ಗೊತ್ತಿದೆ ಅಂತ ಇನ್ನೊಬ್ಬಳಿಗೂ ಗೊತ್ತು. ಹೊತ್ತು ಮುಳುಗುತ್ತಿದೆ, ಡೇರೆಗೆ ಹೊರಡಬೇಕು. ಅಷ್ಟರಲ್ಲಿ ಅವರಲ್ಲಿ ಯಾರು ಮೊದಲು ಬಾಯಿ ಬಿಡುತ್ತಾರೆ, ಏನು ಕೇಳುತ್ತಾರೆ? ಅವಸರ ಮಾಡಬೇಡ. ಬರೆದಾದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ